ಪಿ.ಟಿ.ಓ. ಮತ್ತು ನನ್ನ ಪಂಚೆ

ನನಗೆ ಇಂಗ್ಲಿಷ್ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದೆ ನಡೆದ ಅನಾಹುತಕ್ಕೆಲ್ಲ ಕಾರಣ ಇದೇ. ಇಂಗ್ಲಿಷ್ ಬಾರದ ಮನುಷ್ಯನಿಗೆ ನನಗಾದ ಗತಿ ಆಗುವುದಕ್ಕೆ ಸಾಧ್ಯವೇ ಇರಲಿಲ್ಲ.

ಕೊಳ್ಳೇಗಾಲದಲ್ಲಿ ಮೂವತ್ತೊಂದು ವರ್ಷ ಗುಮಾಸ್ತಿಕೆ ಮಾಡಿ, ಎಪ್ಪತ್ತರ ದಶಕದ ಶುರುವಿನಲ್ಲಿ ನಿವೃತ್ತನಾಗಿ, ಹೆಂಡತಿಯ ಊರಾದ ಹೊನ್ನೂರಿನಲ್ಲಿ ಒಂದು ಮನೆ ಕಟ್ಟಿಸಿದೆ. ಊರಿನಲ್ಲಿ ನನ್ನ ಇಂಗ್ಲಿಷಿಗೆ ಬಹಳ ಮರ್ಯಾದೆ ಇತ್ತು. ಟೆಲಿಗ್ರಾಂ, ಔಷಧದ ಸೀಸೆ, ಗೊಬ್ಬರದ ಚೀಲ, ಪಂಪ್‌ಸೆಟ್ಟಿನ ಗ್ಯಾರಂಟಿ ಕಾರ್ಡು, ಏನೇ ಬರಲಿ, ‘ಗುಮಾಸ್ತ್ರು ಓದ್ಲಿ’ ಎನ್ನುತ್ತಿದ್ದರು. ನಾನು ಓದಿ, ಕನ್ನಡಕ ತೆಗೆದು ಒರೆಸಿ, ಅರ್ಥ ಹೇಳುತ್ತಿದ್ದೆ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಎದುರು ಮಾತಾಡಬೇಕಾದರೆ ಅವರಿಗೂ ಇಂಗ್ಲಿಷ್ ಬರಬೇಕಲ್ಲ.

ಈಗ ಲಾನಿನ ವಿಷಯ. ನಮ್ಮ ದೊಡ್ಡ ಸಾಹೇಬರ ಬಂಗಲೆಯ ಮುಂದೆ ಒಂದು ಲಾನ್ ಇತ್ತು. ಜಮಖಾನ ಹಾಸಿದ ಹಾಗೆ ಒಂದೇ ಸಮನಾದ ಹುಲ್ಲು, ನಡುವೆ ಎರಡು ಬೆತ್ತದ ಕುರ್ಚಿ, ಸುತ್ತ ಓರೆಯಾಗಿ ಹೂತ ಇಟ್ಟಿಗೆಯ ಸಾಲು. ಸಹಿ ಬೇಕಾದ ಬೆಳಿಗ್ಗೆಗಳಲ್ಲಿ ನಾನು ಫೈಲು ಹಿಡಿದು ಆ ಇಟ್ಟಿಗೆಯ ಈಚೆ ನಿಲ್ಲುತ್ತಿದ್ದೆ. ಸಾಹೇಬರುಗಳು ಬದಲಾಗುತ್ತಿದ್ದರು. ಲಾನ್ ಬದಲಾಗುತ್ತಿರಲಿಲ್ಲ, ಇಟ್ಟಿಗೆಯ ಈಚೆ ನಿಂತವನೂ ಬದಲಾಗುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದು ದಿನವಾದರೂ ಆ ಹುಲ್ಲಿನ ಮೇಲೆ ಕಾಲಿಡು ಎಂದು ಯಾರೂ ಹೇಳಲಿಲ್ಲ. ನಿವೃತ್ತನಾದ ಮೇಲೆ ನನ್ನದೇ ಲಾನಿನಲ್ಲಿ ನನ್ನದೇ ಬೆತ್ತದ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲು ಹಾಕಿ ಕಾಫಿ ಕುಡಿಯಬೇಕೆಂದು ಆಗಲೇ ತೀರ್ಮಾನಿಸಿದ್ದೆ. ಇದೇನು ಅಂಥ ದೊಡ್ಡ ಆಸೆಯಲ್ಲ ಎಂದು ಈಗಲೂ ನನ್ನ ವಾದ.

ಆಸೆ ಮನಸ್ಸಿನಲ್ಲೇ ಇದ್ದಿದ್ದರೆ ತೊಂದರೆ ಇರಲಿಲ್ಲ. ನಾನು ಕೊನೆಯದಾಗಿ ಕೈಕೆಳಗೆ ದುಡಿದ ಸಾಹೇಬರು ನಿವೃತ್ತರಾಗಿ ಮೈಸೂರಿನಲ್ಲಿದ್ದರು. ನನ್ನ ಗೃಹಪ್ರವೇಶಕ್ಕೆ ಬರಲಾಗಲಿಲ್ಲವೆಂದು ಒಂದು ಕಾಗದ ಬರೆದಿದ್ದರು. ನಾನು ಉತ್ತರ ಬರೆಯಲು ಕೂತೆ. ಹಾಳೆಯ ಒಂದು ಮಗ್ಗುಲು ತುಂಬಿತು. ಅಭ್ಯಾಸಬಲದಿಂದ ಕೆಳಗೆ ‘ಪಿ.ಟಿ.ಓ.’ ಎಂದು ಬರೆದು, ಅಡಿಗೆರೆ ಎಳೆದು, ಹಾಳೆ ತಿರುಗಿಸಿದೆ. ಕಚೇರಿಯ ಭಾಷೆ ತಿಳಿಯದವರಿಗಾಗಿ ಹೇಳುತ್ತೇನೆ: ಪಿ.ಟಿ.ಓ. ಎಂದರೆ ‘ಪ್ಲೀಸ್ ಟರ್ನ್ ಓವರ್’, ಪುಟ ತಿರುಗಿಸಿ ನೋಡಿ ಎಂದರ್ಥ. ನನ್ನ ಹೆಸರಿಗಿಂತ ಹೆಚ್ಚು ಸಲ ನಾನು ಬರೆದಿರುವ ಮೂರಕ್ಷರ ಅದು. ತಿರುಗಿಸಿದ್ದೇನೋ ಆಯಿತು, ಹಿಂಬದಿಯಲ್ಲಿ ಬರೆಯುವುದಕ್ಕೆ ವಿಷಯವೇ ಉಳಿದಿರಲಿಲ್ಲ. ಬರೀ ‘ಇತಿ ನಮಸ್ಕಾರಗಳು’ ಎಂದರೆ ಬೋಳುಬೋಳಾಗಿ ಕಾಣುತ್ತದೆಂದು, ‘ಮನೆಯ ಮುಂದೆ ಒಂದು ಸಣ್ಣ ಲಾನೂ ಉಂಟು’ ಎಂದು ಸೇರಿಸಿದೆ.

ವಾರದೊಳಗೆ ಜವಾಬು ಬಂತು. ಮುಂದಿನ ತಿಂಗಳ ಕೊನೆಗೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಿದ್ದಾರೆ. ದಾರಿಯಲ್ಲಿ ಇಳಿದು ನನ್ನ ಲಾನಿನಲ್ಲಿ ಕೂತು ಕಾಫಿ ಕುಡಿದು ಹೋಗುತ್ತಾರೆ. ಆಗ ನನ್ನ ಮನೆಯ ಮುಂದೆ ಇದ್ದದ್ದು ಗಟ್ಟಿ ನೆಲ, ಗಾರೆಯ ಚೂರು ಮತ್ತು ಒಂದು ಮುರಿದ ಬಾಣಲಿ. ಸುಳ್ಳು ಬರೆದು ಸಿಕ್ಕಿಬಿದ್ದ ಗುಮಾಸ್ತರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪಿಂಚಣಿ ಬಂದ ಮೇಲೆ ಆ ಸಾಲಿಗೆ ಸೇರುವುದು ನನಗೆ ಬೇಕಿರಲಿಲ್ಲ. ಸಾಹೇಬರ ಕಾರು ಬರುವುದರೊಳಗೆ ನನ್ನ ಅಂಗಳದಲ್ಲಿ ಲಾನ್ ಇರಲೇಬೇಕಿತ್ತು.

ನನ್ನ ಹೆಂಡತಿ ಗೌರಮ್ಮನಿಗೆ ವಿಷಯ ತಿಳಿಸಿದೆ.

“ಮೂವತ್ತೊರ್ಸ ಬಾಡ್ಗೆ ಮನೇಲಿ ಸಂಡ್ಗೆ ಒಣಗಾಕಕ್ಕೆ ಒಂದ್ ಮೊಳ ಜಾಗ ಇರ್ನಿಲ್ಲ,” ಎಂದಳು. “ಈಗ ದೇವ್ರು ಒಂದ್ ಅಂಗ್ಳ ಕೊಟ್ಟವ್ನೆ. ಅದ್ರಲ್ಲಿ ಉಲ್ಲು ಬೆಳೀತೀರಾ?”

“ಅದು ಹುಲ್ಲಲ್ಲ ಕಣೇ, ಲಾನು.”

“ಅಸು ತಿಂತದಾ?”

“ತಿನ್ನೋಕೆ ಬಿಡಬಾರದು.”

“ಮನ್ಸ್ರು ತಿಂತಾರಾ?”

“ಇಲ್ಲ.”

“ಇನ್ಯಾಕ್ರೀ ಮತ್ತೆ?”

“ನೋಡೋಕೆ.”

ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನಿಮ್ನ ಇನ್ನೊಂದೆರಡೊರ್ಸ ಕಚೇರೀಲೇ ಮಡೀಕಬೇಕಾಗಿತ್ತು,” ಎಂದು ಒಳಗೆ ಹೋದಳು.

ಬೆಂಗಳೂರಿನ ಬೀಜದಂಗಡಿಯೊಂದಕ್ಕೆ ಬರೆದು ಲಾನಿನ ಬೀಜ ತರಿಸಿದೆ. ಟಪಾಲಿನವನು ಪಾರ್ಸಲ್ ಕೊಡುವಾಗ ಒಳಗೇನು ಎಂದು ಕೇಳಿದ, ನಾನು ಹೇಳಿದೆ, ಅಷ್ಟೇ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಪಕ್ಕದ ಮನೆಯ ಸಿದ್ದಪ್ಪ, ಎಪ್ಪತ್ತು ದಾಟಿದ ಮುದುಕ, ಕೋಲೂರಿಕೊಂಡು ಬಂದು ಜಗಲಿಯ ಮೇಲೆ ಕೂತ.

“ಗುಮಾಸ್ತ್ರೇ, ಉಲ್ಲಿನ ಬೀಜವ ಪಾರ್ಸಲ್ ತರಸ್ಕಂಡ್ರಂತೆ, ದಿಟವಾ?”

“ಹೌದು.”

“ನಾನು ಉಟ್ದಾಗಿಂದ ಗರ್ಕೆ ಕೀಳ್ತಾನೇ ಇವ್ನಿ. ಕಿತ್ತಷ್ಟೂ ಬತ್ತದ. ನಮ್ಮೊಲಕ್ ಬನ್ನಿ, ಎಷ್ಟ್ ಬೇಕೋ ಕಿತ್ಕಂಡೋಗಿ. ಮದ್ಯಾನ ಊಟನೂ ಆಕ್ತೀನಿ.”

ಅವನಿಗೆ ಲಾನಿನ ಮಹತ್ವ ವಿವರಿಸಲು ಹೋಗಲಿಲ್ಲ. ಕೆಲವು ವಿಷಯಗಳಿಗೆ ವಿದ್ಯಾಭ್ಯಾಸ ಬೇಕಾಗುತ್ತದೆ ಎಂದುಕೊಂಡೆ.

ನೆಲ ಕಲ್ಲಾಗಿತ್ತು. ಗುದ್ದಲಿ ಹಾಕಿದರೆ ಗುದ್ದಲಿಯೇ ಕುಣಿಯುತ್ತಿತ್ತು. ಆಗ ಗೌರಮ್ಮನ ತಮ್ಮ ಮಾದಪ್ಪನ ನೆನಪಾಯಿತು. ಮಾದಪ್ಪ ಓದಿದ್ದು ಮೂರನೇ ಕ್ಲಾಸು, ಆದರೆ ಕಬ್ಬು ಬೆಳೆದು ಟ್ರ್ಯಾಕ್ಟರ್ ಕೊಂಡವನು. ಬೆಟ್ಟದ ಮೇಲಿನ ಕಾಫಿ ಎಸ್ಟೇಟಿನ ಇಂಗ್ಲಿಷ್ ದೊರೆ ಎಲ್ಲ ಮಾರಿ ತನ್ನ ದೇಶಕ್ಕೆ ಹೊರಟಾಗ ಇವನು ಅಲ್ಲಿಂದ ಒಂದು ಮಿಷಿನ್ನನ್ನೂ ತಂದಿದ್ದ. ಟ್ರ್ಯಾಕ್ಟರಿನ ಹಿಂದೆ ಕಟ್ಟುವಂಥದ್ದು. ಕೆಳಗೆ ಮುಳ್ಳಿನ ಉರುಳೆ, ಮೇಲೆ ಬೀಜದ ಪೆಟ್ಟಿಗೆ. ಉರುಳೆ ಗಟ್ಟಿ ನೆಲಕ್ಕೆ ಇಂಚಿಗೊಂದು ತೂತು ಹೊಡೆಯುತ್ತದೆ, ಪೆಟ್ಟಿಗೆ ಆ ತೂತಿಗೆ ಬೀಜ ಉದುರಿಸುತ್ತದೆ. ದೊರೆಯ ಬಂಗಲೆಯ ಲಾನಿಗೆಂದೇ ಅದು ಸೀಮೆಯಿಂದ ಬಂದಿತ್ತು. ಮಾದಪ್ಪ ಅದನ್ನು ಬಿತ್ತುವ ಮಿಷಿನ್ ಕೂರಿಗೆ ಎಂದುಕೊಂಡು ಹೊಲಕ್ಕೆ ಇಳಿಸಿ, ಸಾಲೂ ಇಲ್ಲ ಸಂದೂ ಇಲ್ಲ ಎಂದು ಬೈದು, ಕೊಟ್ಟಿಗೆಗೆ ತಳ್ಳಿದ್ದ. ಬೀಜದ ಪೆಟ್ಟಿಗೆಯಲ್ಲಿ ಅವನ ಕೋಳಿಗಳು ಮೊಟ್ಟೆಯಿಡುತ್ತಿದ್ದವು.

“ತಕೊಂಡೋಗಿ ಬಾವ, ಕೋಳಿಗ್ ಬೇರೆ ಬುಟ್ಟಿ ಮಡುಗ್ತೀನಿ,” ಎಂದ. ಮಿಷಿನ್ನಿನ ಜೊತೆ ಬಂದಿದ್ದ ಪುಸ್ತಕವನ್ನೂ ಗೋಣಿತಾಟಿನಿಂದ ತೆಗೆದು ಕೊಟ್ಟ. “ಇದ್ನೊಸಿ ಓದಿ. ನಂಗ್ ಗೊತ್ತಾಗಲ್ಲ. ನೀವ್ ಯೋಳ್ದಂಗೆ ಮಾಡ್ತೀನಿ.”

ಈ ಮಾತನ್ನು ಅವನು ಆಡಬಾರದಿತ್ತು.

ಪುಸ್ತಕ ಸುರಕ್ಷಿತ ಚಾಲನೆಯ ಬಗ್ಗೆ. ಮೊದಲ ನಾಲ್ಕು ಹಾಳೆಯನ್ನು ಗೆದ್ದಲು ತಿಂದಿತ್ತು. ಉಳಿದದ್ದರಲ್ಲಿ ಸಾಲು ಬಿಟ್ಟು ಸಾಲಿಗೆ ನನ್ನ ಹಳೆಯ ಮಿತ್ರ ಪಿ.ಟಿ.ಓ. ಕಾಣಿಸಿದ. ದೂರದೇಶದ ಪುಸ್ತಕದಲ್ಲಿ ನಮ್ಮ ಕಚೇರಿಯ ಮೂರಕ್ಷರ ಕಂಡು ನನಗೆ ಬಹಳ ಸಂತೋಷವಾಯಿತು.

ಇಲ್ಲಿ ನಿಮಗೊಂದು ವಿಷಯ ಹೇಳಿಬಿಡಬೇಕು. ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಒಂದು ಉಕ್ಕಿನ ದಂಡ ಇರುತ್ತದೆ. ಎಂಜಿನಿನ ಶಕ್ತಿಯನ್ನು ಹಿಂದಿನ ಮಿಷಿನ್ನಿಗೆ ಕೊಡುವುದು ಅದೇ. ಅದು ಗಿರ್ರನೆ ತಿರುಗಿದರೆ ಮಿಷಿನ್ ಕೆಲಸ ಮಾಡುತ್ತದೆ. ಆ ದಂಡಕ್ಕೂ ಇಂಗ್ಲಿಷಿನಲ್ಲಿ ಪಿ.ಟಿ.ಓ. ಎಂದೇ ಹೆಸರು, ‘ಪವರ್ ಟೇಕ್ ಆಫ್’ ಎಂಬುದರ ಮೂರಕ್ಷರ. ಇದು ಮೂರನೇ ಕ್ಲಾಸಿನ ಮಾದಪ್ಪನಿಗೆ ಗೊತ್ತಿತ್ತು. ಟ್ರ್ಯಾಕ್ಟರ್ ಕೊಂಡ ದಿನ ಮೆಕ್ಯಾನಿಕ್ ಹೇಳಿಕೊಟ್ಟಿದ್ದ. ನನಗೆ ಗೊತ್ತಿರಲಿಲ್ಲ. ಅದನ್ನು ಬಿಡಿಸಿ ಹೇಳಿದ್ದ ಹಾಳೆ ಗೆದ್ದಲಿನ ಹೊಟ್ಟೆಯಲ್ಲಿತ್ತು.

ಹೀಗಾಗಿ ‘ಪಿ.ಟಿ.ಓ. ಬಳಿ ಸಡಿಲ ಬಟ್ಟೆ ತೊಡಬೇಡಿ’ ಎಂಬುದನ್ನು ನಾನು, ಪುಟ ತಿರುಗಿಸುವಾಗ ಸಡಿಲ ಬಟ್ಟೆ ತೊಡಬೇಡಿ ಎಂದು ಓದಿಕೊಂಡೆ. ಬಿಳಿಯರು ಶಿಸ್ತಿನ ಜನ, ಪುಸ್ತಕಕ್ಕೂ ಮರ್ಯಾದೆ ಕೊಡುತ್ತಾರೆ ಎಂದು ಮೆಚ್ಚಿ, ಒಳಗೆ ಹೋಗಿ ಆಫೀಸಿನ ಪ್ಯಾಂಟು, ಕೋಟು, ಬೆಲ್ಟು ಹಾಕಿಕೊಂಡು ಬಂದು ಮುಂದಕ್ಕೆ ಓದಿದೆ. ‘ಮಕ್ಕಳನ್ನು ಪಿ.ಟಿ.ಓ. ಹತ್ತಿರ ಬಿಡಬೇಡಿ.’ ಸರಿಯೇ, ಮಕ್ಕಳು ಹಾಳೆ ಹರಿಯುತ್ತವೆ. ‘ಕವಚ ಹಾಕದೆ ಪಿ.ಟಿ.ಓ. ಬಳಸಬೇಡಿ.’ ಅಂಗಡಿಯಿಂದ ಕಂದು ಕಾಗದ ತರಿಸಿ ಪುಸ್ತಕಕ್ಕೆ ಅಚ್ಚುಕಟ್ಟಾಗಿ ಹೊದಿಕೆ ಹಾಕಿದೆ. ‘ಪಿ.ಟಿ.ಓ.ಗೆ ಆಗಾಗ ಗ್ರೀಸು ಹಚ್ಚಿ.’ ಇಲ್ಲಿ ಸ್ವಲ್ಪ ಅನುಮಾನ ಬಂತು. ಆದರೆ ನಮ್ಮ ಕಚೇರಿಯಲ್ಲಿ ಹಾಳೆ ತಿರುಗಿಸುವುದಕ್ಕೆ ಬೆರಳನ್ನು ಒದ್ದೆ ಸ್ಪಂಜಿಗೆ ಒತ್ತುತ್ತಿರಲಿಲ್ಲವೇ? ಅವರ ದೇಶ ಥಂಡಿ ದೇಶ, ನೀರಿನ ಬದಲು ಗ್ರೀಸು ಇಟ್ಟುಕೊಂಡಿರಬೇಕು ಎಂದು ಸಮಾಧಾನ ಮಾಡಿಕೊಂಡು, ಮಾದಪ್ಪನ ಡಬ್ಬಿಯಿಂದ ಗ್ರೀಸು ತಂದು ಪ್ರತಿ ಹಾಳೆಯ ಮೂಲೆಗೂ ಹಚ್ಚಿದೆ.

“ಏನ್ರೀ ಅದು, ದೋಸೆಗೆ ಎಣ್ಣೆ ಸವರ್ದಂಗೆ?” ಎಂದು ಗೌರಮ್ಮ ಕೇಳಿದಳು.

“ಪುಸ್ತಕದಲ್ಲಿದೆ,” ಎಂದೆ. ಅದಕ್ಕೆ ಮೇಲೆ ಮಾತಿಲ್ಲ.

ನಿಗದಿಯಾದ ಬೆಳಿಗ್ಗೆ ಮಾದಪ್ಪ ಮಿಷಿನ್ ಕಟ್ಟಿಕೊಂಡು ಬಂದ. ಬೀದಿಯ ಜನವೆಲ್ಲ ಸೇರಿದ್ದರು. ಸಿದ್ದಪ್ಪನಿಗೆ ಯಾರೋ ಸ್ಟೂಲು ಹಾಕಿಕೊಟ್ಟಿದ್ದರು. ಗೇಟಿನ ಅಗಲವನ್ನು ನಾನು ಹಿಂದಿನ ದಿನವೇ ಟೇಪು ಹಿಡಿದು ಅಳೆದಿದ್ದೆ. ಟ್ರ್ಯಾಕ್ಟರ್ ಸರಾಗವಾಗಿ ಒಳಗೆ ಬಂತು. ಅದರ ಹಿಂದಿದ್ದ ಮಿಷಿನ್ನನ್ನು ಅಳೆದಿರಲಿಲ್ಲ. ಅದು ಎಡಗಡೆಯ ಹೊಸ ಕಂಬವನ್ನೂ ತನ್ನ ಜೊತೆಗೆ ಒಳಗೆ ಕರೆದುಕೊಂಡು ಬಂತು. ಗೃಹಪ್ರವೇಶದ ದಿನ ಗೌರಮ್ಮ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ್ದ ಕಂಬ. ಅವಳ ಮುಖ ನೋಡುವ ಧೈರ್ಯವಾಗದೆ ನಾನು ಪುಸ್ತಕ ತೆರೆದೆ.

ಕೋಟು, ಬೆಲ್ಟು ಬಿಗಿದು ಜಗಲಿಯ ಮೇಲೆ ನಿಂತು ಸಾರಿದೆ: “ಮಾದಪ್ಪ, ಇವತ್ತು ನಿನ್ನ ಸ್ವಂತ ಬುದ್ಧಿ ಉಪಯೋಗಿಸಬೇಡ. ಎಲ್ಲ ಪುಸ್ತಕದ ಪ್ರಕಾರ. ಪ್ರತಿಯೊಂದಕ್ಕೂ ನನ್ನ ಕೇಳು.”

“ಆಗ್ಲಿ ಬಾವ.”

ಪುಸ್ತಕದ ಮೊದಲ ಸೂಚನೆ, ಬೇರೆ ಯಾವುದಾದರೂ ಬೀಜ ಹಾಕಿ ಪರೀಕ್ಷೆ ಮಾಡಿ ಎಂದಿತ್ತು. ಬೆಂಗಳೂರಿನ ಬೀಜ ಹಾಳು ಮಾಡುವುದು ಬೇಡವೆಂದು ಗೌರಮ್ಮನ ಮಡಕೆಯಿಂದ ಎರಡು ಸೇರು ರಾಗಿ ಕೇಳಿದೆ. “ಉದುರೋಗ್ಬುಟ್ರೆ?” ಎಂದಳು. “ಉದುರೋಲ್ಲ, ಬರೀ ಪರೀಕ್ಷೆ,” ಎಂದು ಭರವಸೆ ಕೊಟ್ಟು ಪೆಟ್ಟಿಗೆಗೆ ಸುರಿಸಿದೆ. ಮುಂದಿನ ಹಾಳೆಯಲ್ಲಿ ಬೀಜದ ಕಂಡಿಯನ್ನು ಎಷ್ಟು ತೆರೆಯಬೇಕು, ಪರೀಕ್ಷೆಯ ವೇಳೆ ಹೇಗೆ ಮುಚ್ಚಬೇಕು ಎಂಬ ವಿವರ ಇತ್ತೆಂದು ಆಮೇಲೆ ತಿಳಿಯಿತು. ಆಗ ಅದು ನನಗೆ ಸಿಕ್ಕಲಿಲ್ಲ. ಗ್ರೀಸಿಗೆ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿದ್ದವು.

ಮಾದಪ್ಪ ಎಂಜಿನ್ ಶುರು ಮಾಡಿದ. ನಾನು ಪುಟದ ಕೊನೆಯ ಸಾಲಿಗೆ ಬಂದಿದ್ದೆ. ಅಷ್ಟರಲ್ಲಿ ಅವನು ಸೀಟಿನ ಮೇಲಿಂದ ಕೂಗಿದ:

“ಬಾವ, ಪೀಟೀಓ ಏನ್ಮಾಡ್ಲಿ?”

ನನ್ನ ಎದೆ ತುಂಬಿ ಬಂತು. ಹೊನ್ನೂರಿನ ಒಬ್ಬ ರೈತನ ಬಾಯಲ್ಲಿ ಪಿ.ಟಿ.ಓ. ಎಂಬ ಮಾತು. ನನ್ನ ಸಹವಾಸ ಫಲ ಕೊಟ್ಟಿದೆ, ನಾನು ಪುಟದ ಕೊನೆಗೆ ಬಂದದ್ದನ್ನು ಅಲ್ಲಿಂದಲೇ ಗಮನಿಸಿದ್ದಾನೆ ಎಂದುಕೊಂಡೆ.

“ಕೇಳೋದೇನಿದೆಯಯ್ಯ?” ಎಂದೆ. “ತಿರುಗಿಸೋದು!”

ಅವನು ತಿರುಗಿಸಿದ. ಮಿಷಿನ್ನಿನ ಮುಳ್ಳುಗಳು ನೆಲಕ್ಕೆ ಬಿದ್ದು ಗಡಗಡ ಸದ್ದೆದ್ದಿತು. ಕಲ್ಲಿನಂಥ ನೆಲದಲ್ಲಿ ತೂತುಗಳು ಒತ್ತೊತ್ತಾಗಿ ಬಿದ್ದವು. ಮಾದಪ್ಪ ಅಂಗಳದ ತುಂಬ ಹೋಗಿ ಬಂದು ಹೋಗಿ ಬಂದು ಮಾಡಿದ. ಜನ ಬಾಯಿ ತೆರೆದು ನೋಡಿದರು. ಎರಡು ಸೇರು ರಾಗಿಯೂ ನೆಲಕ್ಕಿಳಿದದ್ದು ಯಾರ ಗಮನಕ್ಕೂ ಬರಲಿಲ್ಲ, ಗೌರಮ್ಮ ಒಬ್ಬಳನ್ನು ಬಿಟ್ಟು.

“ರೀ, ರಾಗಿ ಉದುರ್ತಾ ಅದ ಕಣ್ರೀ.”

“ಸುಮ್ಮನಿರೇ. ಪರೀಕ್ಷೆ ಪಾಸಾಯ್ತು.”

ಇನ್ನು ನಿಜವಾದ ಬೀಜ ತುಂಬಬೇಕು. ಅದಕ್ಕೂ ಪುಸ್ತಕದಲ್ಲಿ ದಪ್ಪಕ್ಷರದ ಎಚ್ಚರಿಕೆ ಇತ್ತು: ‘ಬೀಜ ತುಂಬುವ ಮುನ್ನ ಪಿ.ಟಿ.ಓ. ನಿಲ್ಲಿಸಿ.’ ನಾನು ನಿಯಮ ಮೀರುವ ಮನುಷ್ಯನಲ್ಲ. ಪುಟ ತಿರುಗಿಸುವುದನ್ನು ನಿಲ್ಲಿಸಿದೆ. ಪುಸ್ತಕ ಮುಚ್ಚಿ, ಜಗಲಿಯ ಗೂಡಿನಲ್ಲಿ ಇಟ್ಟೆ. ಪುಟ ತಿರುಗಿಸುವುದು ಮುಗಿಯಿತೆಂದ ಮೇಲೆ ಸಡಿಲ ಬಟ್ಟೆಗೂ ಅಡ್ಡಿಯಿಲ್ಲವೆಂದಾಯಿತು. ಬಿಸಿಲಿಗೆ ಕೋಟಿನೊಳಗೆ ಬೇಯುತ್ತಿದ್ದೆ. ಒಳಗೆ ಹೋಗಿ ಪಂಚೆ ಉಟ್ಟು, ಲಾನಿನ ಬೀಜದ ಡಬ್ಬಿ ಹಿಡಿದು ಹೊರಗೆ ಬಂದೆ.

ಮಾದಪ್ಪ ಎಂಜಿನ್ ನಡೆಯುತ್ತಿರುವಂತೆಯೇ ಕೂತಿದ್ದ. ಉರುಳೆಯ ಕೊಕ್ಕೆ ತಪ್ಪಿಸಿದ್ದರಿಂದ ಮುಳ್ಳುಗಳು ನಿಂತಿದ್ದವು.

“ಬಾವ, ಪೀಟೀಓ ನಿಲ್ಲಿಸ್ಲಾ?”

“ಆಗಲೇ ನಾನು ನಿಲ್ಲಿಸಿಯಾಯ್ತು ಕಣಯ್ಯ,” ಎಂದೆ.

ಅವನು ಲಿವರಿನಿಂದ ಕೈ ತೆಗೆದ. ಹಿಂದುಗಡೆಯಿಂದ ನಿಲ್ಲಿಸುವ ಉಪಾಯ ಏನೋ ಪುಸ್ತಕದಲ್ಲಿ ಇದ್ದಿರಬೇಕು, ಓದಿದವರು ಮಾಡಿದ್ದಾರೆ ಎಂದು ತಿಳಿದನಂತೆ. ಪಾಪ, ಅವನದೇನು ತಪ್ಪು? ಸ್ವಂತ ಬುದ್ಧಿ ಉಪಯೋಗಿಸಬೇಡ ಎಂದವನು ನಾನೇ.

ಟ್ರ್ಯಾಕ್ಟರಿಗೂ ಮಿಷಿನ್ನಿಗೂ ನಡುವೆ ಆ ದಂಡ ತಿರುಗುತ್ತಲೇ ಇತ್ತು. ನುಣುಪಾದ ಉಕ್ಕು, ಜೋರಾಗಿ ತಿರುಗುವಾಗ ನಿಂತ ಹಾಗೆಯೇ ಕಾಣುತ್ತದೆ. ಅದರ ಮೇಲೆ ಇರಬೇಕಾದ ತಗಡಿನ ಕವಚ ಮಾದಪ್ಪನ ಕೋಳಿಗೂಡಿಗೆ ಮುಚ್ಚಳವಾಗಿತ್ತು. ನಾನು ಡಬ್ಬಿ ಎತ್ತಿ ಹಿಡಿದು, ಪೆಟ್ಟಿಗೆಗೆ ಕೈ ಎಟುಕಲೆಂದು ದಂಡದ ಮೇಲೆ ಒಂದು ಕಾಲು ದಾಟಿಸಲು ಹೋದೆ.

ಮೊದಲು ಪಂಚೆಯ ಚುಂಗು ಹೋಯಿತು. ಆಮೇಲೆ ಗಂಟು ಹೋಯಿತು. ನಾನು ನಿಂತಲ್ಲೇ ಎರಡು ಸುತ್ತು ತಿರುಗಿದೆ. ಆಮೇಲೆ ಪಂಚೆಯೇ ಹೋಯಿತು. ಕೈಯಲ್ಲಿದ್ದ ಡಬ್ಬಿ ಮನೆಯ ಮೇಲಿಂದಲೋ ಪಕ್ಕದಿಂದಲೋ ಎತ್ತಲೋ ಹಾರಿತು. ನೋಡುವಷ್ಟರಲ್ಲಿ ನಾನು ನೆಲದ ಮೇಲೆ ಕೂತಿದ್ದೆ. ಮೈಮೇಲೆ ಬನಿಯನ್ನು ಮತ್ತು ಪಟ್ಟಾಪಟ್ಟಿ ಚಡ್ಡಿ. ಬೀದಿಯ ಜನವೆಲ್ಲ ಹಾಜರು.

ಮಾದಪ್ಪ ಎಂಜಿನ್ ಆರಿಸಿ ನೆಗೆದು ಬಂದ. ಅವನಿಗಿಂತ ಮುಂಚೆ ಗೌರಮ್ಮ ಬಂದಿದ್ದಳು. ನನ್ನ ಎರಡೂ ಕೈ ಮುಟ್ಟಿ ನೋಡಿದಳು, ಎರಡೂ ಕಾಲು ಮುಟ್ಟಿ ನೋಡಿದಳು. “ಎಲ್ಲಾ ಅದಾ? ಎಲ್ಲಾ ಅದಾ ರೀ?” ಎಂದು ಅದನ್ನೇ ಕೇಳುತ್ತಿದ್ದಳು. ಎಲ್ಲಾ ಇದೆ ಎಂದೆ. ಆಗ ಅವಳು ನನ್ನ ಪಕ್ಕದಲ್ಲೇ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನಗೂ ಆಗಲೇ ಭಯ ಶುರುವಾದದ್ದು. ಮೂವತ್ತೊಂದು ವರ್ಷ ಪ್ಯಾಂಟು ಹಾಕಿದ ನನಗೆ ಪಂಚೆ ಬಿಗಿಯಾಗಿ ಉಡಲು ಬರುವುದಿಲ್ಲ. ಅದಕ್ಕಾಗಿ ಅವಳು ದಿನವೂ ಬೈಯುತ್ತಿದ್ದಳು. ಗಂಟು ಬಿಗಿಯಾಗಿದ್ದಿದ್ದರೆ ಪಂಚೆಯ ಜೊತೆ ನಾನೂ ಸುತ್ತಿಕೊಳ್ಳುತ್ತಿದ್ದೆ.

“ಇನ್ಮೇಲೆ ಗಂಟು ಬಿಗೀರಿ ಅಂತ ಒಂದಿನಾನೂ ಅನ್ನಕಿಲ್ಲ,” ಎಂದಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, “ಆದ್ರೂ ಜನ್ರ ಮುಂದೆ ಆ ಚಡ್ಡಿ ಯಾಕ್ ಆಕ್ಕಂಡಿದ್ರಿ, ಒಸದು ಒಂದಿತ್ತಲ್ಲ,” ಎಂದಳು. ಆಗ ನನಗೆ ಎಲ್ಲ ಸರಿಹೋಯಿತೆಂದು ಗೊತ್ತಾಯಿತು.

ಮಾದಪ್ಪ ದಂಡಕ್ಕೆ ಹಗ್ಗದ ಹಾಗೆ ಹೊಸೆದುಕೊಂಡಿದ್ದ ಪಂಚೆಯನ್ನು ಕುಡುಗೋಲಿನಿಂದ ಕುಯ್ಯುತ್ತಿದ್ದ.

“ಪೀಟೀಓ ನಿಲ್ಲಿಸಿವ್ನಿ ಅಂದ್ರಲ್ಲ ಬಾವ?”

“ನಿಲ್ಲಿಸಿದೆನಲ್ಲ. ಪುಸ್ತಕ ಮುಚ್ಚಿ ಗೂಡಿನಲ್ಲಿ ಇಟ್ಟೆ.”

ಅವನು ಕುಯ್ಯುವುದನ್ನು ಬಿಟ್ಟು ನನ್ನನ್ನು ನೋಡಿದ. “ಪುಸ್ತಕಕ್ಕೂ ಪೀಟೀಓಗೂ ಏನ್ ಬಾವ ಸಂಬಂದ? ಪೀಟೀಓ ಅಂದ್ರೆ ಇದು. ಈ ದಂಡ.”

ಮನಸ್ಸಿನಲ್ಲಿ ಪುಸ್ತಕದ ಒಂದೊಂದೇ ಸಾಲನ್ನು ತಿರುಗಿ ಓದಿಕೊಂಡೆ. ಸಡಿಲ ಬಟ್ಟೆ. ಕವಚ. ಗ್ರೀಸು. ಅಷ್ಟು ಸ್ಪಷ್ಟವಾದ, ಅಷ್ಟು ಕಾಳಜಿಯ ಪುಸ್ತಕವನ್ನು ನಾನು ಜನ್ಮದಲ್ಲಿ ಓದಿರಲಿಲ್ಲ.

“ಒಂದ್ ಮಾತು ನನ್ ಕೇಳಿದ್ರೆ ಯೋಳ್ತಿರ್ನಿಲ್ವಾ?” ಎಂದ ಮಾದಪ್ಪ. ಸ್ಟೂಲಿನ ಮೇಲಿಂದ ಸಿದ್ದಪ್ಪ, “ಒಸಿ ತಪ್ಪಿದ್ರೆ ಗುಮಾಸ್ತ್ರೇ ಲಾನಾಗೋಯ್ತಿದ್ರು,” ಎಂದ. ಜನ ಅಷ್ಟು ಹೊತ್ತೂ ತಡೆದುಕೊಂಡಿದ್ದ ನಗುವನ್ನು ಬಿಟ್ಟರು.

ಬೀಜದ ಡಬ್ಬಿ ಹಿತ್ತಲಿನ ಬಚ್ಚಲ ಗುಂಡಿಯ ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿತ್ತು. ಒಂದು ಕಾಳೂ ಉಳಿದಿರಲಿಲ್ಲ. ಇನ್ನೊಂದು ಪಾರ್ಸಲ್ ತರಿಸಲು ಸಮಯವಿಲ್ಲ. ಸಾಹೇಬರಿಗೆ ನಿಜ ಬರೆದುಬಿಡೋಣ ಎಂದು ಮೂರು ಸಲ ಕೂತೆ. ಮೂರು ಸಲವೂ ‘ಮಾನ್ಯರೇ’ ಎಂಬಲ್ಲಿಗೆ ನಿಂತಿತು.

ಒಂದು ಮಳೆ ಬಂತು. ಐದಾರು ದಿನಕ್ಕೆ ಅಂಗಳದ ತೂತು ತೂತಿನಿಂದ ಹಸಿರು ಇಣುಕಿತು. ಸಣ್ಣಗೆ, ಒತ್ತಾಗಿ, ಒಂದೇ ಸಮನಾಗಿ. ನನ್ನ ಸಂತೋಷ ಹೇಳತೀರದು. ದೊರೆಯ ಬಂಗಲೆಯ ಹಳೆಯ ಬೀಜ ಪೆಟ್ಟಿಗೆಯ ಮೂಲೆಯಲ್ಲಿ ಉಳಿದಿದ್ದಿರಬೇಕು ಎಂದು ನಂಬಿದೆ. ನಂಬುವುದಕ್ಕೆ ಬಹಳ ಕಷ್ಟಪಟ್ಟೆ, ಆದರೂ ನಂಬಿದೆ. ಬೆತ್ತದ ಕುರ್ಚಿ ಎರಡು ತರಿಸಿದೆ, ಸುತ್ತ ಇಟ್ಟಿಗೆ ಓರೆಯಾಗಿ ಹೂಳಿಸಿದೆ. ಎರಡು ವಾರ ಕಳೆದ ಮೇಲೆ ಸಿದ್ದಪ್ಪ ಬಂದು ಬಗ್ಗಿ ಒಂದು ಎಲೆ ಸವರಿ ನೋಡಿದ.

“ರಾಗಿ ಪಸಂದಾಗಿ ಬಂದದ ಗುಮಾಸ್ತ್ರೇ,” ಎಂದ.

ಅಂದೇ ಕಿತ್ತು ಹಾಕಿಸೋಣವೆಂದು ಹೊರಟೆ. ಬರೀ ನೆಲವನ್ನು ತೋರಿಸಿ ‘ಈಗಷ್ಟೇ ಬಿತ್ತಿದ್ದೇವೆ’ ಎಂದಾದರೂ ಹೇಳಬಹುದಿತ್ತು. ಗೌರಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಮೊಳ್ತಿರೋ ಪೈರ ಕೀಳ್ತೀರಾ? ಅನ್ನ ಕಣ್ರೀ ಅದು. ನನ್ ರಾಗಿ. ನನ್ ಅಂಗ್ಳ. ಮುಟ್ಟಿ ನೋಡವಾ.”

ಮುಟ್ಟಲಿಲ್ಲ. ತಿಂಗಳ ಕೊನೆಗೆ ಸಾಹೇಬರ ಕಾರು ಬಂದಾಗ ಪೈರು ಮೊಣಕಾಲ ಹತ್ತಿರ ಬಂದಿತ್ತು. ಸಾಹೇಬರು ಇಳಿದು, “ಏನ್ರೀ ನಂಜಪ್ಪ, ಚೆನ್ನಾಗಿದೀರಾ? ಇದೇನಾ ನಿಮ್ಮ ಲಾನು? ಸ್ವಲ್ಪ ಕತ್ತರಿಸಬೇಕಾಗಿತ್ತು ಕಣ್ರೀ,” ಎನ್ನುತ್ತ, ಪಾಲಿಶ್ ಮಾಡಿದ ಬೂಟಿನ ಕಾಲನ್ನು ಇಟ್ಟಿಗೆಯ ಆಚೆಗೆ ಎತ್ತಿದರು.

“ಸಾಮಿ, ಒಸಿ ಅಂಗೇ ನಿಂತ್ಕಳಿ,” ಎಂದಳು ಗೌರಮ್ಮ ಜಗಲಿಯಿಂದ. “ತುಳೀಬ್ಯಾಡಿ. ರಾಗಿ ಪೈರು.”

ಸಾಹೇಬರು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಇಟ್ಟಿಗೆಯ ಈಚೆ, ಕೈಕಟ್ಟಿ, ತೆಪ್ಪಗೆ ನಿಂತರು. ಮೂವತ್ತೊಂದು ವರ್ಷ ನಾನು ಹೇಗೆ ನಿಲ್ಲುತ್ತಿದ್ದೆನೋ ಹಾಗೆ. ನಾನು ಅವರ ಪಕ್ಕದಲ್ಲಿ ನಿಂತೆ. ನನ್ನದೇ ಅಂಗಳ, ನನ್ನದೇ ಇಟ್ಟಿಗೆ, ನಾನಿನ್ನೂ ಈಚೆಯೇ.

“ಹಾಗಾದ್ರೆ ಲಾನ್ ಎಲ್ಲಿದೆ?” ಎಂದು ಸಾಹೇಬರು ಕೇಳಿದರು.

ಲಾನ್ ಇತ್ತು. ಡಬ್ಬಿ ಹಾರಿ ಚೆಲ್ಲಿದ್ದ ಬಚ್ಚಲ ಗುಂಡಿಯ ಸುತ್ತ, ಬಾಳೆಗಿಡದ ಕೆಳಗೆ, ಹಾಸಿಗೆಯಷ್ಟು ಜಾಗದಲ್ಲಿ, ದಿನವೂ ಸೀಗೆಕಾಯಿ ನೀರು ಕುಡಿದು ಬೆಳೆದ ಅಪ್ಪಟ ಬೆಂಗಳೂರು ಲಾನ್. ಬೇರೆ ದಾರಿಯಿಲ್ಲದೆ ಅವರನ್ನು ಅಲ್ಲಿಗೆ ಕರೆದೊಯ್ದೆ. ಎರಡು ಬೆತ್ತದ ಕುರ್ಚಿ ಹಾಕಿದ ಮೇಲೆ ಲಾನ್ ಮುಗಿದುಹೋಯಿತು. ಗೌರಮ್ಮ ಕಾಫಿ ತಂದಳು. ನಾನು ಪುಸ್ತಕದಿಂದ ಪಂಚೆಯವರೆಗೆ ಎಲ್ಲವನ್ನೂ ಒಪ್ಪಿಸಿದೆ. ಸಾಹೇಬರು ಕಾಫಿಯನ್ನು ಅಂಗಿಯ ಮೇಲೆ ಚೆಲ್ಲಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಬಚ್ಚಲ ಕಡೆ ನೋಡುತ್ತ ಹೇಳಿದರು:

“ನಿಮ್ಮ ಹತ್ರ ಮುಚ್ಚೋದೇನು ನಂಜಪ್ಪ. ಆ ಬಂಗಲೆ ಲಾನಿನ ಮೇಲೆ ನಾನೂ ಒಂದಿನ ಕೂತವನಲ್ಲ. ಹುಲ್ಲು ಹಾಳಾಗತ್ತೆ ಅಂತ ಮಾಲಿ ಬಿಡ್ತಿರಲಿಲ್ಲ. ವರಾಂಡದಲ್ಲಿ ನಿಂತು ನೋಡ್ತಿದ್ದೆ, ಅಷ್ಟೇ. ಲಾನಿನ ಮೇಲೆ ಕೂತು ಕಾಫಿ ಕುಡಿದಿದ್ದು ಇವತ್ತೇ ಮೊದಲು.”

ಅವರು ವರಾಂಡದಲ್ಲಿ, ನಾನು ಇಟ್ಟಿಗೆಯ ಈಚೆ, ಕುರ್ಚಿಗಳೆರಡೂ ಖಾಲಿ. ಇಷ್ಟಕ್ಕಾಗಿ ಒಂದು ಗೇಟಿನ ಕಂಬ, ಎರಡು ಸೇರು ರಾಗಿ, ಒಂದು ಒಳ್ಳೆಯ ಪಂಚೆ.

ರಾಗಿ ಕೊಯ್ಲಾದ ಮೇಲೆ ಮುದ್ದೆ ಊಟಕ್ಕೆ ಬರುತ್ತೇನೆಂದು ಗೌರಮ್ಮನಿಗೆ ಮಾತು ಕೊಟ್ಟು ಸಾಹೇಬರು ಹೊರಟರು. ಊರಿನವರು ಈಗ ಇಂಗ್ಲಿಷ್ ಕಾಗದವನ್ನು ಮೊದಲು ಮಾದಪ್ಪನಿಗೆ ತೋರಿಸಿ, ಆಮೇಲೆ ನನ್ನ ಹತ್ತಿರ ತರುತ್ತಾರೆ. ಮುಂದಿನ ವಾರ ಸಾಹೇಬರಿಂದ ಕಾಗದ ಬಂತು. ಜಗಲಿಯ ಮೇಲೆ ನಿಂತು ಓದಿದೆ. ಒಂದು ಮಗ್ಗುಲು ಮುಗಿಯಿತು. ಕೆಳಗೆ, ಅಡಿಗೆರೆ ಎಳೆದು, ಪಿ.ಟಿ.ಓ. ಎಂದು ಬರೆದಿದ್ದರು. ಕಾಗದ ಕೈಯಿಂದ ಜಾರಿ ಬಿತ್ತು. ನನ್ನ ಎರಡೂ ಕೈ ಪಂಚೆಯ ಗಂಟಿನ ಮೇಲಿತ್ತು. ಪುಟವನ್ನು ಗೌರಮ್ಮನೇ ತಿರುಗಿಸಬೇಕಾಯಿತು.